ಓಬಮ್ಮನ ಮೊಣಕಾಲು

ಎರಡನೇ ಮಹಾಯುದ್ಧ ಮುಗಿದ ವರ್ಷ. ಅಗಳಿ ರಸ್ತೆಗೆ ಜಲ್ಲಿ ಒಡೆಯುತ್ತಿದ್ದಾಗ ಕಲ್ಲಿನ ಚೂರೊಂದು ಸಿಡಿದು ಓಬಮ್ಮನ ಬಲ ಮೊಣಕಾಲಿನ ಕೀಲಿಗೆ ನಾಟಿತು. ಅವಳೇ ಅದನ್ನು ಕಿತ್ತೆಸೆದು ಮತ್ತೆ ಕಲ್ಲು ಒಡೆದಳು. ಮರುದಿನ ಮೊಣಕಾಲು ಸಣ್ಣ ಗಡಿಗೆಯಷ್ಟು ಊದಿತು. ಮುಟ್ಟಿದರೆ ಸುಡುತ್ತಿತ್ತು.

"ಮಡಕಶಿರದ ಆಸ್ಪತ್ರೆಗೆ ಹೋಗಿ ಬತ್ತೀನಿ ಮೇಸ್ತ್ರಿ."

"ಹೋಗು, ಯಾರು ಬ್ಯಾಡ ಅಂದ್ರು?" ಎಂದ ಮೇಸ್ತ್ರಿ ಪಾಪಣ್ಣ. "ಓವರ್‌ಸೀರ್ ದೊರೆ ಅಳತೆಗೆ ಬಂದಾಗ ನಿನ್ನ ಜಲ್ಲಿ ರಾಶಿ ಪಕ್ಕ ನೀನಿರ್ಬೇಕು. ಇಲ್ಲಾಂದ್ರೆ ಅದು ಯಾರ್ದೂ ಅಲ್ಲ."

ಯಾರದೂ ಅಲ್ಲದ ರಾಶಿ ಮೇಸ್ತ್ರಿಯ ಹೆಸರಿಗೆ ಹೋಗುತ್ತದೆಂದು ಎಲ್ಲ ಹೆಂಗಸರಿಗೂ ಗೊತ್ತಿತ್ತು. ರಾಶಿ ಅಳೆದ ಮೇಲೇ ಕೂಲಿ; ಅದು ಒಂದು ತಿಂಗಳ ಕಲ್ಲು. ಓಬಮ್ಮ ರಾಶಿಯ ಪಕ್ಕ ಕೂತಳು. ಓವರ್‌ಸೀರ್ ನಾಳೆ ಬರುತ್ತಾರೆ ಎಂದರು. ಮತ್ತೆ ನಾಳೆ ಎಂದರು.

ಪಕ್ಕದ ರಾಶಿಯ ನರಸಮ್ಮ ಕುಡುಗೋಲಿನ ತುದಿ ಕಾಯಿಸಿ ಮೊಣಕಾಲಿಗೆ ಮೂರು ಬರೆ ಎಳೆದಳು.

"ಕೀಲಿಗೆ ವಾಯು ಹೊಕ್ಕೈತೆ. ಕಿರುಚ್ಕಬ್ಯಾಡ ಕಣೆ, ನಿನ್ನ ಗಂಡ ಓಡಿಬಂದಾನು."

ಗಂಡ ಸತ್ತು ಆರು ವರ್ಷವಾಗಿತ್ತು. ಓಬಮ್ಮ ನಗಲೂ ಇಲ್ಲ, ಕಿರುಚಲೂ ಇಲ್ಲ.

ಹಾಗೆ ಕೂತ ಐದನೆಯ ದಿನ ಅಳತೆ ಮುಗಿಯಿತು. ಚಳಿಜ್ವರದಲ್ಲಿ ನಡುಗುತ್ತಿದ್ದವಳನ್ನು ನರಸಮ್ಮ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ತಂದಳು. ಪಾಪಣ್ಣನೂ ಹಿಂದೆಯೇ ಬಂದ.

ಡಾಕ್ಟರು ಕೀಲಿಗೆ ದಪ್ಪ ಸೂಜಿ ಚುಚ್ಚಿ ಎಳೆದರು. ಸಿರಿಂಜಿನಲ್ಲಿ ಹಳದಿ ಕೀವು ತುಂಬಿತು.

"ವಾಯು ಅಲ್ಲಮ್ಮ ಇದು. ಗಾಯದಿಂದ ವಿಷಕ್ರಿಮಿ ಕೀಲೊಳಕ್ಕೆ ಹೋಗಿದೆ. ದಿನಾ ಕೀವು ತೆಗೀಬೇಕು. ಸಲ್ಫಾ ಮಾತ್ರೆ ಕೊಡ್ತೀನಿ. ಜೀವ ಉಳಿಯುತ್ತೆ."

"ಕಾಲು ಮಡಚಕ್ಕಾಗ್ತೈತಾ ಸಾಮಿ? ಮಡಚದಿದ್ರೆ ಕಲ್ಲು ಒಡಿಯಕ್ಕೆ ಕೂರಕ್ಕಾಗಲ್ಲ."

ಡಾಕ್ಟರು ಕೈ ತೊಳೆದುಕೊಂಡರು. "ಎರಡನೇ ದಿನವೇ ಬಂದಿದ್ರೆ ಮಡಚಬಹುದಿತ್ತು."

ನರಸಮ್ಮ ಗೋಡೆ ನೋಡುತ್ತ ನಿಂತಳು.

ಡಾಕ್ಟರು ರಿಜಿಸ್ಟರ್ ಎಳೆದುಕೊಂಡರು. "ಈ ಬರೆ ಹಾಕಿದ್ದು ಯಾರು?"

"ನಾನೇ ಸಾಮಿ," ಎಂದಳು ನರಸಮ್ಮ.

ಪಾಪಣ್ಣ ಮುಂದೆ ಬಂದ. "ಕೇಳಿದ್ರಾ ಸಾಮಿ? ಬರೆ ಹಾಕ್ಕಂಡು ಕೆಡಿಸ್ಕಂಡವ್ಳೆ ಅಂತ ಬರ್ಕಳಿ. ರಸ್ತೆ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ."

ಪೆನ್ನು ಕಾಗದದ ಮೇಲೆ ನಿಂತಿತು.

"ಕಲ್ಲು ಸಿಡಿದಿದ್ದು ಬರ್ಕಳಿ," ಎಂದಳು ಓಬಮ್ಮ. "ಬರೇನೂ ಬರ್ಕಳಿ. ಐದು ದಿನ ನನ್ನ ರಾಶಿ ಪಕ್ಕ ಕೂರಿಸಿದ್ದು ಈ ಪಾಪಣ್ಣ ಅಂತ್ಲೂ ಬರ್ಕಳಿ."

"ಅದನ್ನೆಲ್ಲ ಬರೆಯೋಕೆ ಈ ರಿಜಿಸ್ಟರಲ್ಲಿ ಖಾನೆ ಇಲ್ಲಮ್ಮ. ಹೆಸರು, ಊರು, ರೋಗ, ಅಷ್ಟೇ."

ಓಬಮ್ಮ ಚಾಚಿದ ಕಾಲನ್ನು ನೋಡಿದಳು. ಅದು ಬೇರೆ ಯಾರದೋ ಕಾಲಿನ ಹಾಗೆ ಬೆಂಚಿನ ಮೇಲಿತ್ತು.

"ಹಂಗಾರೆ ಗೆರೆ ಎಳ್ದು ಇನ್ನೊಂದು ಖಾನೆ ಗೀಚಿ ಸಾಮಿ," ಎಂದಳು. "ನಾ ಕಾಯ್ತೀನಿ."