ಗಾಡಿಗಳಿಲ್ಲದ ಸಂಜೆ

ಆ ಬಡಾವಣೆಯನ್ನು ನೆನೆದರೆ ಮೊದಲು ಕಣ್ಣಿಗೆ ಕಟ್ಟುವುದು ಎತ್ತಿ ಹಿಡಿದ ಅಂಗೈ. ಪೇಟೆಬೀದಿ ದಾಟುವವರೆಲ್ಲ ನುಗ್ಗಿ ಬರುವ ಲಾರಿ, ಸ್ಕೂಟರುಗಳಿಗೆ ಅಂಗೈ ಅಡ್ಡ ಹಿಡಿದು ಉಸಿರು ಬಿಗಿಹಿಡಿದು ಓಡುತ್ತಿದ್ದರು. ಊರಂಚಿನಲ್ಲಿ ಬೆಳೆದ ಬಡಾವಣೆ ಅದು. ಮನೆಗಳಿದ್ದವು, ಅಂಗಡಿಗಳಿದ್ದವು, ನಾಲ್ಕು ಜನ ನಿಂತು ಮಾತಾಡಲು ಒಂದು ಜಾಗವಿರಲಿಲ್ಲ.

ನಾನಾಗ ಪುರಸಭೆಯ ಯೋಜನಾ ವಿಭಾಗಕ್ಕೆ ಹೊಸದಾಗಿ ಸೇರಿದ್ದೆ. ಪೇಟೆಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಡುವ ನಕ್ಷೆಯೊಂದನ್ನು ಬಹಳ ಪ್ರೀತಿಯಿಂದ ಬರೆದಿದ್ದೆ. ಬೀದಿಯ ಎರಡೂ ತುದಿಯಲ್ಲಿ ವಾಹನ ನಿಲ್ದಾಣ, ನಡುವೆ ಹೊಂಗೆಯ ಸಾಲು, ಕಲ್ಲುಬೆಂಚು, ಮಳೆನೀರು ಇಂಗುವ ನೆಲಹಾಸು. ವರ್ತಕರ ಸಭೆಯಲ್ಲಿ ಅದನ್ನು ಬಿಡಿಸಿ ತೋರಿಸಿದಾಗ ಹಿಂದಿನ ಸಾಲಿನಿಂದ ದಪ್ಪ ಮೀಸೆಯ ಒಬ್ಬರು ಎದ್ದು ನಿಂತರು. ಸ್ಕೂಟರ್ ರಿಪೇರಿಯ ಚೆಲುವರಾಜು.

"ಚಿತ್ರ ಚೆನ್ನಾಗೈತೆ ಸ್ವಾಮಿ. ಗಾಡಿ ಬರದೇ ಇರೋ ಬೀದೀಲಿ ಗ್ಯಾರೇಜ್ ಇಟ್ಕೊಂಡು ನಾನೇನು ಭಜನೆ ಮಾಡ್ಲಾ?"

ಸಭೆ ಗೊಳ್ಳೆಂದು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ನಕ್ಷೆಯಲ್ಲಿ ಹೊಂಗೆಗೆ ಜಾಗವಿತ್ತು, ಚೆಲುವರಾಜು ಅವರಿಗಿರಲಿಲ್ಲ.

ಪುರಸಭೆಯ ಅಧ್ಯಕ್ಷೆ ಕಾಮಾಕ್ಷಿಯವರು ಮಧ್ಯದ ದಾರಿಯೊಂದನ್ನು ಹುಡುಕಿದರು. "ಒಂದು ಭಾನುವಾರದ ಸಂಜೆ ಗಾಡಿ ನಿಲ್ಸಿ ನೋಡೋಣ. ಮರುದಿನ ವರ್ತಕರು ಬೇಡ ಅಂದ್ರೆ ನಕ್ಷೆ ಸುತ್ತಿ ಬೀರುಗೆ ಹಾಕ್ತೀನಿ."

ಆ ಭಾನುವಾರ ಎರಡೂ ತುದಿಗೆ ಬ್ಯಾರಿಕೇಡ್ ಇಟ್ಟ ಮೇಲೆ ಬೀದಿ ಬಾಯಿ ಕಟ್ಟಿದಂತೆ ಸುಮ್ಮನಾಯಿತು. ಜನ ಬಂದರು. ಬಂದವರು ಅಭ್ಯಾಸಬಲದಿಂದ ಗೋಡೆಗಳಿಗೆ ಅಂಟಿಕೊಂಡೇ ನಡೆದರು. ಒಬ್ಬ ಅಜ್ಜಿಯಂತೂ ಖಾಲಿ ಬೀದಿಗೆ ಅಂಗೈ ಅಡ್ಡ ಹಿಡಿದು ಓಡಿ, ಆಚೆ ತಲುಪಿದ ಮೇಲೆ ತಿರುಗಿ ನೋಡಿ ತಾನೇ ನಕ್ಕಳು. ಆದರೂ ನಡುಬೀದಿಗೆ ಯಾರೂ ಇಳಿಯಲಿಲ್ಲ. ಚೆಲುವರಾಜು ಗ್ಯಾರೇಜಿನ ಮುಂದೆ ಕೈಕಟ್ಟಿ ನಿಂತು ನನ್ನತ್ತ ನೋಡಿ ಮೀಸೆ ತಿರುವಿದರು.

ಅಷ್ಟರಲ್ಲಿ ಅವರ ಹೆಂಡತಿ ಇಂದ್ರಮ್ಮ ಗ್ಯಾರೇಜಿನೊಳಗಿಂದ ಒಂದು ಸೈಕಲ್ಲನ್ನು ತಳ್ಳಿಕೊಂಡು ಬಂದರು. ಯಾರೋ ರಿಪೇರಿಗೆ ಬಿಟ್ಟು ಮರೆತುಹೋದದ್ದು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಬನ್ನಿ, ಕಲಿಸಿ."

"ಏನೇ ಇದು? ಜನ ನೋಡ್ತಾವ್ರೆ!"

"ನೋಡ್ಲಿ. ಮದುವೆಯಾದ ಹೊಸದ್ರಲ್ಲಿ ಕೇಳ್ದಾಗ ಏನಂದ್ರಿ? ರೋಡ್ ತುಂಬ ಗಾಡಿ, ಬೇಡ ಅಂದ್ರಿ. ಈವಾಗ ಎಲ್ಲೈತೆ ಗಾಡಿ, ತೋರ್ಸಿ!"

ಚೆಲುವರಾಜು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ತೋರಿಸಲು ಒಂದೂ ಇರಲಿಲ್ಲ. ಪಂಚೆ ಎತ್ತಿ ಕಟ್ಟಿ, ಸೀಟಿನ ಹಿಂಬದಿ ಹಿಡಿದರು.

ಸೈಕಲ್ ಹಾವಿನಂತೆ ಹೊರಟಿತು. "ಮುಂದೆ ನೋಡು! ಚಕ್ರ ನೋಡ್ಬೇಡ!" ಎನ್ನುತ್ತ ಅವರು ಏದುಸಿರು ಬಿಡುತ್ತ ಹಿಂದೆ ಓಡಿದರು. ಗೋಡೆ ಹಿಡಿದಿದ್ದ ಜನ ಒಬ್ಬೊಬ್ಬರಾಗಿ ನಡುಬೀದಿಗೆ ಇಳಿದು ಇಕ್ಕೆಲದಲ್ಲಿ ಸಾಲುಗಟ್ಟಿದರು. "ಇಂದ್ರಕ್ಕ, ತುಳಿ! ತುಳಿ!" ಎಲ್ಲೋ ಒಂದು ಕಡೆ ಚೆಲುವರಾಜು ಕೈಬಿಟ್ಟರು. ಇಂದ್ರಮ್ಮ ನೆಟ್ಟಗೆ, ರಾಣಿಯಂತೆ ಸಾಗಿದರು. ಆದರೆ ನಿಲ್ಲಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಸೈಕಲ್ ಸೀದಾ ಹೋಗಿ ಕಡಲೆಪುರಿಯ ತಳ್ಳುಗಾಡಿಗೆ ಗುದ್ದಿತು.

ಪುರಿ ಮಳೆಯಂತೆ ಸುರಿಯಿತು. ಇಂದ್ರಮ್ಮ ಅದರ ನಡುವೆ ಕೂತು, ತಲೆಯ ಮೇಲಿನ ಪುರಿ ಕೊಡವುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುರಿ ಮಾರುತ್ತಿದ್ದ ಫಾತಿಮಾಬಿ ಓಡಿಬಂದು ಬೈಯಲು ಬಾಯಿ ತೆರೆದವರು, ಆ ನಗು ನೋಡಿ ತಾವೂ ನೆಲಕ್ಕೆ ಕೂತು ನಕ್ಕರು. ಮೂಟೆಯಲ್ಲಿ ಉಳಿದ ಪುರಿಯನ್ನು ಚೆಲುವರಾಜು ಅಷ್ಟೂ ಕೊಂಡು ಬೀದಿಗೆಲ್ಲ ಹಂಚಿದರು. ಆಮೇಲೆ ಯಾರನ್ನೂ ನಡುಬೀದಿಯಿಂದ ಎಬ್ಬಿಸಲಾಗಲಿಲ್ಲ. ಹೆಂಗಸರು ಸರದಿಯಲ್ಲಿ ನಿಂತು ಸೈಕಲ್ ಕಲಿತರು. ಅಂಗಡಿಯವರಿಗೆ ಚಹಾ ಕುದಿಸಿ, ತಿಂಡಿ ಕರಿದು ಸಾಕಾಯಿತು.

ಮರುದಿನದ ಸಭೆಯಲ್ಲಿ ಚೆಲುವರಾಜು ಎದ್ದಾಗ ನಾನು ನಕ್ಷೆಯನ್ನು ಸುತ್ತಲು ಕೈಹಾಕಿದೆ.

"ಸುತ್ತಬೇಡಿ, ತಡೀರಿ. ಒಂದು ಸಂಜೆ ಸಾಲಲ್ಲ ಅಂತ ನಮ್ಮನೇಲಿ ಜಗಳ ಆಗೈತೆ" ಎಂದರು. ಆಮೇಲೆ ಸ್ವರ ತಗ್ಗಿಸಿದರು. "ಗಾಡಿ ನಿಲ್ಲೋ ತುದೀಲಿ ಗ್ಯಾರೇಜಿಗೊಂದು ಜಾಗ ಬರೀರಿ. ಈ ಅಂಗಡೀಲಿ ಬಾಡಿಗೆ ಸೈಕಲ್ ಇಟ್ಕೋತೀವಿ. ಅವಳು ನೋಡ್ಕೋತಾಳಂತೆ."

ನಾನು ಅಲ್ಲೇ, ಎಲ್ಲರೆದುರು, ಪೆನ್ಸಿಲ್ ತೆಗೆದು ಬರೆದೆ. ಆ ನಕ್ಷೆ ನನ್ನದು ಅನ್ನಿಸಿದ್ದು ಆಗಲೇ. ನನ್ನೊಬ್ಬನದಲ್ಲ ಅನ್ನಿಸಿದ್ದೂ ಆಗಲೇ.

ಬೀದಿ ಸಿದ್ಧವಾಗಿ ಕೆಲವು ವರ್ಷಗಳಾದ ಮೇಲೆ ಒಂದು ಬೇಸಿಗೆಯ ಮುಂಜಾನೆ ಅಲ್ಲಿಗೆ ಹೋಗಿದ್ದೆ. ಹೊಂಗೆಗಳು ಮೊದಲ ಸಲ ಹೂಬಿಟ್ಟಿದ್ದವು. ಬೀದಿಯ ನಟ್ಟನಡುವೆ ಉದುರಿದ ಹೂಗಳನ್ನು ತುಳಿಯದೆ ಪಕ್ಕಕ್ಕೆ ಸರಿದು ಜನ ನಿಧಾನವಾಗಿ ನಡೆಯುತ್ತಿದ್ದರು. ಬಿಸಿಲೇರುವವರೆಗೂ ಅವು ಯಾವ ಚಕ್ರಕ್ಕೂ ಸಿಗದೆ ಬಿದ್ದಲ್ಲೇ, ಬೆಳ್ಳಗೆ ಹಾಗೇ ಇದ್ದವು.