ಮೂರು ಗೀರಿನ ಕಲ್ಲು

ಪುರಸಭೆಯ ನಕ್ಷೆಗಾರ್ತಿಗೆ ಒಂದು ಚಟವಿತ್ತು, ಕಂಡದ್ದಕ್ಕೆಲ್ಲ ‘ಯಾಕೆ’ ಎಂದು ಕೇಳುವುದು. ಇಷ್ಟು ಸಣ್ಣ ಊರಿಗೆ ಮೂರು ಮಾರುಕಟ್ಟೆ ಯಾಕೆ ಎಂದು ಮದುವೆಯಾದ ಹೊಸದರಲ್ಲೇ ಅತ್ತೆಯ ತಲೆ ತಿಂದಿದ್ದಳು. ಉತ್ತರ ಸಿಕ್ಕಿದ್ದು ಕೆಲಸಕ್ಕೆ ಸೇರಿದ ಮೇಲೆ. ಅದು ಒಂದು ಊರೇ ಅಲ್ಲ. ಮೊದಲು ಪುರಸಭೆ ಎಂದರೆ ಬಂದರು ಮಾತ್ರ. ಕುಡಿಯುವ ನೀರಿಗೆ ತತ್ವಾರವಾದಾಗ ಬಂದರಿನವರು ಕೆರೆಯಿದ್ದ ಪೇಟೆಯವರನ್ನು ಪುಸಲಾಯಿಸಿ ಸೇರಿಸಿಕೊಂಡರು. ಬಂದರಿನವರ ಜೋರು ತಡೆಯಲಾಗದೆ ಪೇಟೆಯವರು ತಮ್ಮ ಕಡೆಗೊಂದಿಷ್ಟು ಓಟಿರಲೆಂದು ದಕ್ಷಿಣದ ಉಪ್ಪಿನ ಗದ್ದೆಯವರನ್ನು ಎಳೆತಂದರು. ಮೂವರೂ ಇವತ್ತಿಗೂ ಒಬ್ಬರನ್ನು ಕಂಡರೆ ಒಬ್ಬರು ಮೂಗು ಮುರಿಯುತ್ತಾರೆ. ತಂತಮ್ಮ ಮಾರುಕಟ್ಟೆಯನ್ನೂ ಯಾರೂ ಬಿಟ್ಟುಕೊಡಲಿಲ್ಲ.

ಒಂದೊಂದು ಭಾಗ ಸೇರಿದಾಗಲೂ ದಡದಲ್ಲಿ ಒಂದೊಂದು ಗಡಿಕಲ್ಲು ನೆಟ್ಟಿದ್ದರಂತೆ. ಮೊದಲನೆಯದಕ್ಕೆ ಒಂದು ಗೀರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಮೊದಲಿನವೆರಡು ಸಿಕ್ಕಿದ್ದವು. ಮೂರನೆಯದು ನಾಪತ್ತೆ.

ಅದು ಸಿಗಲೇಬೇಕಿತ್ತು. ಪುರಸಭೆಯ ನಲ್ಲಿ ನೀರಿನ ಪೈಪು ದಕ್ಷಿಣದ ತುದಿಯ ಬಲೆ ಓಣಿಯ ಬಾಯಿಗೆ ಬಂದು ನಿಂತಿತ್ತು. ಓಣಿ ನಮ್ಮದು ಎಂದು ಪಕ್ಕದ ಊರಿನ ಸಭೆ ತಕರಾರು ತೆಗೆದಿತ್ತು. ಕಲ್ಲು ಸಿಗದಿದ್ದರೆ ಉಪ್ಪಿನ ಗದ್ದೆಯ ಅಂಚೇ ಗಡಿ, ಓಣಿಯಿಡೀ ಆಚೆ. ಪಕ್ಕದ ಊರಿನವರಿಗೆ ತಮಗೇ ಕುಡಿಯಲು ನೀರಿರಲಿಲ್ಲ. ಓಣಿಯ ಬಾವಿಗಳೋ, ಬಾಯಿಗಿಟ್ಟರೆ ಉಪ್ಪು. ನಕ್ಷೆಗಾರ್ತಿಯ ಮನೆ ಆ ಓಣಿಯ ಕಟ್ಟಕಡೆಯದು. ಗಂಡ ಐಸ್ ಕಾರ್ಖಾನೆಯಿಂದ ಬರುವುದು ಕತ್ತಲಾದ ಮೇಲೆ; ನೀರು ಹೊರುವ ಕರ್ಮ ಅತ್ತೆ ಸೊಸೆಯರದು. ಅತ್ತೆಯ ಮಂಡಿ ಈಗೀಗ ಕೊಡ ಎತ್ತಿದರೆ ಸಾಕು, ಕಟಕಟ ಎನ್ನುತ್ತಿತ್ತು.

ಪಕ್ಕದ ಊರಿನ ಮೋಜಣಿದಾರನ ಜೊತೆ ಬೆಳಗಿನಿಂದ ದಡವೆಲ್ಲ ಅಲೆದು, ಸಮುದ್ರವೇ ನುಂಗಿರಬೇಕೆಂದು ಕೈಚೆಲ್ಲಿ ಆಕೆ ಮನೆಗೆ ಬಂದಳು. ಹಿತ್ತಲಲ್ಲಿ ಅತ್ತೆ ಬಟ್ಟೆ ಒಗೆಯುತ್ತಿದ್ದರು. ಸಾಬೂನಿನ ಬಿಲ್ಲೆಯನ್ನು ಒಗೆಯುವ ಕಲ್ಲಿನ ಒಂದು ಗೀರಿಗೆ ಒರಗಿಸಿಟ್ಟಿದ್ದರು. ಪಕ್ಕದಲ್ಲಿ ಇನ್ನೊಂದು ಗೀರು. ಅದರ ಪಕ್ಕ ಮತ್ತೊಂದು.

ಸೊಸೆ ಬಿಲ್ಲೆ ಸರಿಸಿ ಗೀರುಗಳನ್ನು ಎಣಿಸಿದಳು. ಮೂರು. ಮದುವೆಯಾದಾಗಿನಿಂದ ಅದೇ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತ ಬಂದಿದ್ದಳು. ಊರಿಗೆಲ್ಲ ಯಾಕೆ ಯಾಕೆ ಎಂದು ಕೇಳಿದವಳು ಇದೊಂದನ್ನು ಕೇಳಿರಲಿಲ್ಲ.

ಓಣಿಯ ಬಾಯಲ್ಲಿ ಸೈಕಲ್ ಹತ್ತುತ್ತಿದ್ದ ಮೋಜಣಿದಾರನನ್ನು ಓಡಿಹೋಗಿ ಕರೆತಂದಳು. ಅವನು ಕೂತು ಗೀರುಗಳನ್ನು ಸವರಿ ನೋಡಿದ.

“ಇದೇ ಕಲ್ಲು ಮೇಡಂ, ಅನುಮಾನನೇ ಇಲ್ಲ. ಅಂದ್ರೆ ಓಣಿ ಪೂರ್ತಿ ನಿಮ್ದೇ. ನಮ್ಮೋರ ಹತ್ರ ಬೈಸ್ಕೋಬೇಕು ನಾನು.”

“ಹಂಗಾದ್ರೆ ನಲ್ಲಿ ಬರುತ್ತಾ?” ಎಂದರು ಅತ್ತೆ, ಸಾಬೂನು ಕೈಯಲ್ಲೇ.

“ಬರುತ್ತಮ್ಮ.”

ಅತ್ತೆಯ ಮುಖ ಅರಳಿದ್ದು ನೋಡಿ ಸೊಸೆಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ಚಟ ಬಿಡಬೇಕಲ್ಲ! ಎರಡನೆಯ ಕಲ್ಲಿನಿಂದ ಗಡಿಯ ಗೆರೆ ನೇರ ಗುಡ್ಡದ ಬೋಳುಬಂಡೆಗೆ ಹೋಗುತ್ತಿತ್ತು. ಮೂರನೆಯದರ ಗೆರೆಯೂ ಅಲ್ಲಿಗೇ ಹೋಗಬೇಕೆಂದು ಹಳೆಯ ಠರಾವು ಹೇಳುತ್ತಿತ್ತು. ಇಲ್ಲಿಂದ ನೋಡಿದರೆ ಬಂಡೆಗೂ ಈ ಕಲ್ಲಿಗೂ ನಡುವೆ ಪಕ್ಕದ ಊರಿನವರು ದೋಣಿ ಎಳೆದಿಡುವ ಮರಳದಂಡೆಯ ಮೂಲೆ ಅಡ್ಡ ಬರುತ್ತಿತ್ತು. ಇನ್ನೊಬ್ಬರ ದೋಣಿ ಜಾಗವನ್ನು ಕಡಿದು ಯಾರಾದರೂ ಗಡಿ ಹಾಕುತ್ತಾರೆಯೇ?

“ಅತ್ತೆ, ಈ ಕಲ್ಲು ಮೊದಲಿಂದ್ಲೂ ಇಲ್ಲೇ ಇತ್ತಾ?”

“ಎಲ್ಲಿಂದ ಇರುತ್ತೆ? ಹಳೇ ಮನೆ ಬಾವಿ ಪಕ್ಕ ಇತ್ತು. ಸಮುದ್ರ ಬಂದಾಗ ನಮ್ಮತ್ತೆ ಮಂಚ ಬಿಟ್ರು, ಬಾಗಿಲು ಬಿಟ್ರು, ಇದೊಂದನ್ನ ಇಬ್ಬರು ಆಳು ಹಿಡಿದು ಹೊರಿಸಿದ್ರು. ಈ ಮರಳಲ್ಲಿ ಇಷ್ಟು ಚಪ್ಪಟೆ ಕಲ್ಲು ಇನ್ನೆಲ್ಲಿ ಸಿಗುತ್ತೆ, ನೀನೇ ಹೇಳು!”

ಮೋಜಣಿದಾರ ಅತ್ತೆಯನ್ನು ನೋಡಿದ, ಸೊಸೆಯನ್ನು ನೋಡಿದ. “ನಾನು ಕೇಳಿಸ್ಕೊಂಡಿಲ್ಲ ಮೇಡಂ. ಬೇಕಾದ್ರೆ ಹಾಗೇ ಇರ್ಲಿ,” ಎಂದ. ಒಳ್ಳೆಯವನು.

ಅವಳಿಗೆ ಒಂದು ಗಳಿಗೆ ಬಾಯಿಗೆ ಬೀಗ ಹಾಕಿಕೊಳ್ಳೋಣ ಅನ್ನಿಸಿತು, ಬಹಳ ಅನ್ನಿಸಿತು. ಆದರೆ ತಪ್ಪೆಂದು ಗೊತ್ತಿರುವ ಗೆರೆಯನ್ನು ತನ್ನ ಕೈಯಿಂದಲೇ ಎಳೆದು, ಆಮೇಲೆ ದಿನಾ ಆ ದೋಣಿಯವರ ಮುಖ ನೋಡುವುದು ಹೇಗೆ?

“ಬಾವಿ ಎಲ್ಲಿತ್ತು, ತೋರಿಸ್ತೀರಾ ಅತ್ತೆ?”

ಇಳಿತದ ಹೊತ್ತಿಗೆ ಮೂವರೂ ನೀರಿಗಿಳಿದರು. ಅತ್ತೆ ಸೀರೆ ಎತ್ತಿಕಟ್ಟಿ ಮುಂದೆ ಮುಂದೆ ಹೋದರು. ತವರಿಗೆ ಹೊರಟಷ್ಟು ಉತ್ಸಾಹ. ಮೊಣಕಾಲುದ್ದದ ನೀರಿನಲ್ಲಿ ಬಾವಿಯ ಕಟ್ಟೆ ಪಾಚಿಗಟ್ಟಿ ನಿಂತಿತ್ತು. ಅದರ ಮಗ್ಗುಲಲ್ಲಿ ಕಲ್ಲು ಕೂತಿದ್ದ ಗಾರೆಯ ಗುಂಡಿ ಕಾಲಿಗೇ ಸಿಕ್ಕಿತು.

“ಇಲ್ಲಿ ಅಡುಗೆಮನೆ. ನೀನು ನಿಂತಿದ್ದೀಯಲ್ಲ, ಅಲ್ಲಿ ನಿನ್ನ ಗಂಡ ತೊಟ್ಟಿಲಲ್ಲಿ ಮಲಗಿದ್ದ,” ಎಂದು ಅತ್ತೆ ಅಲೆಗಳನ್ನು ತೋರಿಸಿದರು.

ಗುಂಡಿಯಿಂದ ಬೋಳುಬಂಡೆಗೆ ಗೆರೆ ಹಿಡಿದರು. ದೋಣಿಯ ದಂಡೆ ಪಕ್ಕದ ಊರಿಗೇ ಉಳಿಯಿತು. ಬಲೆ ಓಣಿ ಪುರಸಭೆಗೆ ಬಂತು, ಕಟ್ಟಕಡೆಯ ಒಂದು ಮನೆಯ ಹೊರತಾಗಿ. ಗೆರೆ ಪಕ್ಕದ ಮನೆಯ ಬೇಲಿಗೆ ತಾಗಿಕೊಂಡೇ ಹಾದುಹೋಯಿತು. ನಕ್ಷೆಗಾರ್ತಿ ಎರಡೆರಡು ಸಲ ಅಳೆದಳು. ಗೆರೆ ಅಲುಗಲಿಲ್ಲ.

ತಿಂಗಳೊಳಗೆ ಓಣಿಯ ಉಳಿದ ಮನೆಗಳಿಗೆಲ್ಲ ನಲ್ಲಿ ಬಂತು. ಬೇಲಿಯಾಚೆ ಹೊಸ ನಲ್ಲಿಯ ಸದ್ದು ಕೇಳುತ್ತ ಅತ್ತೆ ಖಾಲಿ ಕೊಡ ಹಿಡಿದು ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದರು. ಅಷ್ಟು ದಿನವೂ ಅವರು ಸೊಸೆಯನ್ನು ಒಂದು ಮಾತು ಅಂದಿರಲಿಲ್ಲ. ಅಂದಿದ್ದರೆ ವಾಸಿಯಿತ್ತು.

“ಅಲ್ವೇ, ಈಗ ನಾವು ಯಾವ ಊರಿನವರು?”

“ಆಚೆ ಊರಿನವರು, ಅತ್ತೆ.”

“ಅವರಿಗೆ ನಲ್ಲಿ ಯಾವಾಗಂತೆ?”

ಸೊಸೆಗೆ ಸುಳ್ಳು ಬಾಯಿಗೆ ಬರಲಿಲ್ಲ. “ಎಂಟು ಹತ್ತು ವರ್ಷ ಆಗಬಹುದು.”

ಅತ್ತೆ ಸಮುದ್ರದ ಕಡೆ ನೋಡಿದರು. “ಅಷ್ಟರಲ್ಲಿ ಅದೇ ಬಂದಿರುತ್ತೆ ಬಿಡು. ಈ ಸಲ ಎಲ್ಲಿಗೆ ಹೋಗ್ಬೇಕು ಅಂತ ನೀನೇ ಅಳೆದು ಹೇಳು, ನಿನ್ನ ಅಳತೆ ತಪ್ಪಲ್ಲ.”

ಸೊಸೆ ಅವರ ಕೈಯಿಂದ ಕೊಡ ಇಸಿದುಕೊಂಡು, ಕಣ್ಣೊರೆಸಿಕೊಳ್ಳುತ್ತ ಬೇಲಿ ದಾಟಿ ಪಕ್ಕದ ಮನೆಗೆ ನೀರಿಗೆ ಹೋದಳು.