ಪೆಟ್ಟಿಗೆಯೊಳಗಿನ ನಲವತ್ತು ಜನ

ಆಗ ಕಡು ಬೇಸಿಗೆ. ಮಧ್ಯಾಹ್ನ ಉಂಡು ಒರಗುವ ಹೊತ್ತಿಗೆ ಮಗ ಬಂದು ನನ್ನ ತಲೆಯ ಮೇಲಿನ ಫ್ಯಾನ್ ಆರಿಸಿದ. ಆಮೇಲೆ ಫ್ರಿಜ್ಜನ್ನೂ ಆರಿಸಿದ.

"ಪಿಟೀಲು ಸರಿಯಾಗಿ ಕೇಳಿಸ್ತಿಲ್ಲ ಅಮ್ಮ. ಸ್ವಲ್ಪ ಹೊತ್ತು."

ಆ ಸ್ವಲ್ಪ ಹೊತ್ತು ವಾರವಾದರೂ ಮುಗಿಯಲಿಲ್ಲ.

ಹಿಂದಿನ ಕೋಣೆಯಲ್ಲಿ ಕೂತು ಅವನು ಒಂದು ನಾಟಕ ತಂಡಕ್ಕೆ ಸಂಗೀತ ಮಾಡಿ ಕಳಿಸಿದ್ದ. ವರ್ಷದ ಮೇಲೆ ಸಿಕ್ಕಿದ ಕೆಲಸ. ನಾಟಕದ ನಿರ್ದೇಶಕಿ ಕೇಳಿ, "ಹಾಡು ಒಪ್ಪಿಗೆ, ಪಿಟೀಲುಗಳು ಮಾತ್ರ ಪ್ಲಾಸ್ಟಿಕ್ ಹೂವು. ಶುಕ್ರವಾರದೊಳಗೆ ಸರಿಹೋಗದಿದ್ರೆ ಬೇರೆಯವರ ಕೈಲಿ ಮಾಡಿಸ್ತೀವಿ" ಎಂದುಬಿಟ್ಟಳು. ಕೀಲಿ ಒತ್ತಿದರೆ ನಲವತ್ತು ಜನ ಪಿಟೀಲು ನುಡಿಸಿದಂತೆ ಬರುತ್ತದೆಂದೇ ಮಗ ಕಂಪ್ಯೂಟರಿಗೆ ಜೋಡಿಸುವ ಒಂದು ಪೆಟ್ಟಿಗೆ ತಂದದ್ದು. ಬರುತ್ತಿತ್ತು, ಸುಳ್ಳಲ್ಲ. ಆದರೆ ಆ ನಲವತ್ತು ಜನರಿಗೂ ಸೇರಿ ಒಂದೇ ಮೂಗು ಇದ್ದ ಹಾಗಿತ್ತು.

ಪ್ರತಿಧ್ವನಿ ಹಾಕಿದ, ಎಲ್ಲರೂ ಬಾವಿಗೆ ಬಿದ್ದಂತೆ ಕೇಳಿಸಿತು. ಇನ್ನೊಂದು ಬಗೆಯ ಪಿಟೀಲನ್ನು ಅದರ ಮೇಲೆ ಸೇರಿಸಿದ, ಗದ್ದಲ ಹೆಚ್ಚಿತೇ ಹೊರತು ಜನ ಹೆಚ್ಚಲಿಲ್ಲ. ಪ್ರತಿ ಸಲವೂ ನನ್ನನ್ನು ಕೂಗಿ "ಈಗ ಹೇಗಿದೆ?" ಎನ್ನುವನು. ಚೆನ್ನಾಗಿದೆಯೆಂದರೆ "ನಿನಗೆ ಎಲ್ಲಾನೂ ಚೆನ್ನಾಗೇ ಇರತ್ತೆ" ಎಂದು ಸಿಡುಕುವನು. ಚೆನ್ನಾಗಿಲ್ಲವೆಂದರೆ ಊಟ ಬಿಡುವನು.

ಸೊಸೆ ಒಂದು ದಿನ ಸೌಟು ಹಿಡಿದುಕೊಂಡೇ ಬಂದಳು. "ರೀ, ನಿಮ್ಮ ಪೆಟ್ಟಿಗೆಯೊಳಗಿನ ನಲವತ್ತು ಜನಕ್ಕೆ ನಾನು ಅಡುಗೆ ಮಾಡ್ತಿಲ್ಲ, ಅದೇ ಪುಣ್ಯ. ಒಬ್ಬರಿಗೆ ಹೆಚ್ಚಿಗೆ ಮಾಡ್ತೀನಿ. ಚಿಕ್ಕತ್ತೇನ ಕರೆಸಿ."

"ಮೇಲೆ ಒಂದು ನಿಜವಾದ ಪಿಟೀಲು ಇದ್ರೆ ಕೆಳಗಿನ ಸುಳ್ಳೂ ನಿಜ ಅನ್ಸತ್ತೆ, ಅದು ನಂಗೂ ಗೊತ್ತು ಕಣೆ. ಚಿಕ್ಕಮ್ಮ ಬಂದ್ರೆ ಈ ಮನೇಲಿ ಬೇರೆ ಯಾರು ಇರೋಕಾಗತ್ತೆ?"

ಚಿಕ್ಕಮ್ಮ ಎಂದರೆ ನನ್ನ ತಂಗಿ. ಹರೆಯದಲ್ಲಿ ದೊಡ್ಡ ವಾದ್ಯವೃಂದವೊಂದರ ಕೊನೆಯ ಸಾಲಿನಲ್ಲಿ ಪಿಟೀಲು ನುಡಿಸುತ್ತಿದ್ದಳು. ಒಂದು ದಿನ ಅಲ್ಲಿಯ ಮೇಷ್ಟರು ಎಲ್ಲರೆದುರು, "ಹಿಂದೆ ಕೂತವಳು ಶ್ರುತಿ ಏರಿಸ್ತಾಳೆ" ಎಂದರು. ಪಿಟೀಲು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದವಳು ಮತ್ತೆ ಆ ಕಡೆ ಹೋಗಲಿಲ್ಲ. ನಮ್ಮಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ.

ನಾನು ಫೋನ್ ಮಾಡಿದೆ. ಬಂದಳು. ಕುರ್ಚಿ ಕಿರುಗುಟ್ಟುತ್ತದೆ, ಕಾಫಿ ನೀರು, ಕೋಣೆಯೋ ಒಲೆ ಎಂದು ಗೊಣಗಿದಳು. ಬೆವರು ಒರೆಸಿಕೊಳ್ಳುತ್ತ ಹಾಡಿನ ಪಿಟೀಲಿನ ಸಾಲನ್ನು ನಾಲ್ಕು ಸಲ ನುಡಿಸಿದಳು. ಅದೇ ಕುರ್ಚಿ ಎಳೆದುಕೊಂಡು ಒಮ್ಮೆ ಬೀರುವಿನ ಪಕ್ಕ ಕೂತು, ಒಮ್ಮೆ ಬಾಗಿಲಲ್ಲಿ, ಒಮ್ಮೆ ಪರದೆಗೆ ಮುಖ ಮಾಡಿ, ಒಮ್ಮೆ ಗೋಡೆಗೆ. ಪ್ರತಿ ಜಾಗದಲ್ಲೂ ಬೇರೆ ಬೇರೆ ಮಂದಿ ಕೂತಂತೆ ಕೇಳಬೇಕು ಎಂದ ಮಗ.

"ಮೂಲೇಲಿ ನಿಲ್ಲಿಸೋಕೆ ನಾನೇನು ಪೊರಕೇನಾ?" ಎಂದಳು.

ನಾಲ್ಕನ್ನೂ ನಲವತ್ತರ ಮೇಲೆ ಹಾಸಿ ಮಗ ಕೇಳಿಸಿದ. ನನಗೆ ಮೈ ಜುಮ್ಮೆಂದಿತು. ಪೆಟ್ಟಿಗೆಯೊಳಗೆ ಜನ ಬಂದಿದ್ದರು. ಕಮಾನು ತಂತಿಗೆ ಉಜ್ಜುವುದು, ಒಬ್ಬರು ಚೂರು ಮೊದಲು, ಒಬ್ಬರು ಚೂರು ತಡ. ಸೊಸೆ ಸೌಟು ಕೆಳಗಿಟ್ಟಳು.

ತಂಗಿ ಮಾತ್ರ ಮುಖ ಗಂಟಿಕ್ಕಿದಳು. "ಮೂರನೇದು ಏರಿದೆ. ಅಳಿಸು."

"ಅದೇ ಬೇಕು ಚಿಕ್ಕಮ್ಮ. ಸ್ವಲ್ಪ ಆಚೀಚೆ ಇದ್ರೇನೇ ತುಂಬಿದ ಹಾಗೆ ಇರೋದು."

"ನನ್ನ ತಪ್ಪನ್ನ ನಾಟಕಕ್ಕೆ ಬಂದವರಿಗೆಲ್ಲ ಕೇಳಿಸ್ತೀಯಾ? ಸರಿ ಮಾಡು, ಇಲ್ದಿದ್ರೆ ನನ್ನದು ಒಂದೂ ಇರಬಾರದು."

ಮಗ ಹಲ್ಲು ಕಚ್ಚಿಕೊಂಡು ಮೂರನೆಯದನ್ನು ಕಂಪ್ಯೂಟರಿನಲ್ಲಿ ಶ್ರುತಿಗೆ ಎಳೆದ. ಹಾಗಾದರೆ ಮೊದಲನೆಯದೂ ಸರಿಯಿಲ್ಲ ಎಂದಳು. ಅದನ್ನೂ ಎಳೆದ. ಸಂಜೆಯ ಹೊತ್ತಿಗೆ ನಾಲ್ಕೂ ನೆಟ್ಟಗೆ ನಿಂತವು. ಕೇಳಿಸಿದ.

"ಇದೇನೋ, ಮತ್ತೆ ಪ್ಲಾಸ್ಟಿಕ್ಕು?" ಎಂದಳು ತಂಗಿ.

"ಇಸ್ತ್ರಿ ಮಾಡಿಸಿದ್ದು ನೀವೇ ಅಲ್ವಾ ಚಿಕ್ಕತ್ತೆ," ಎಂದಳು ಸೊಸೆ. ಮಗ ತಲೆಯ ಮೇಲೆ ಕೈ ಹೊತ್ತು ಕೂತ. ಅಂದು ಗುರುವಾರ.

ತಂಗಿ ಹಳೆಯದನ್ನು ಇನ್ನೊಮ್ಮೆ ಹಾಕಿಸಿದಳು, ಆಮೇಲೆ ಹೊಸದನ್ನು, ಮತ್ತೆ ಹಳೆಯದನ್ನು. ಏರಿದ ಜಾಗ ಬಂದಾಗ ನನ್ನ ಕಡೆ ನೋಡಿದಳು.

"ಅಕ್ಕ, ನಿಂಗೆ ಕೇಳಿಸ್ತಾ?"

"ಕೇಳಿಸ್ತು. ಯಾರದ್ದು ಅಂತ ಗೊತ್ತಾಗಲಿಲ್ಲ."

ಕಮಾನು ಒರೆಸಿದಳು. ಪಿಟೀಲನ್ನು ಅದರ ಪೆಟ್ಟಿಗೆಯಲ್ಲಿಟ್ಟು ಕೊಂಡಿ ಹಾಕಿದಳು. "ಹಳೇದನ್ನೇ ಕಳಿಸೋ. ಅಷ್ಟು ಜನರ ಮಧ್ಯೆ ಕೂತಿದ್ದೀನಿ, ಏರಿಸಿದ್ದು ಯಾರು ಅಂತ ಹುಡುಕಿಕೊಳ್ಳಲಿ."

ಮಗ ಕಳಿಸಿದ. ಶುಕ್ರವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಿರ್ದೇಶಕಿಯ ಉತ್ತರ ಬಂತು, ಇದೇ ಇರಲಿ ಎಂದು. ಎಷ್ಟು ಜನರನ್ನು ಕರೆಸಿದಿರಿ ಎಂದೂ ಕೇಳಿದ್ದಳಂತೆ.

"ಏನಂತೆ?" ಎಂದಳು ತಂಗಿ, ಚಪ್ಪಲಿಗೆ ಕಾಲು ತೂರಿಸುತ್ತ. ಮಗ ಹೇಳಿದ. "ಹೂಂ. ಆ ಕುರ್ಚಿಗೆ ಎಣ್ಣೆ ಬಿಡು, ನಾಲ್ಕರಲ್ಲೂ ಅದೇ ಕೇಳಿಸತ್ತೆ," ಎಂದು ಮೆಟ್ಟಿಲಿಳಿದಳು. ನಾನು ಒಳಗೆ ಬಂದು ಫ್ಯಾನ್ ಹಾಕಿಕೊಂಡೆ.